ಹೊರಗುಳಿಯಲು ಕಾರಣ

ಮೊಮ್ಮಗಳು ಹುಟ್ಯಾಳ. ಮದಲ ಇದನ್ನ ಬರೀತೀನಿ, ಬರೀಲಿಲ್ಲಂದ್ರ ಕೈ ಮುಂದ ಹೋಗೂದಿಲ್ಲ. ಹುಟ್ಟಿ ಇವತ್ತಿಗೆ ಹನ್ನೊಂದು ದಿನ. ತಲಿ ತುಂಬ ಕೂದಲಾ. ಮುಷ್ಟಿ ಬಿಗಿ ಹಿಡಕೊಂಡು ಮಲಗಿದ್ರ ಯಾರನ್ನೋ ಜಗಳಕ್ಕ ಕರದಂಗ ಕಾಣಸ್ತಾಳ. ಓಣ್ಯಾಗ ಸಿಕ್ಕ ಸಿಕ್ಕವರಿಗೆಲ್ಲಾ ಸಕ್ರಿ ಹಂಚೀನಿ. ಪೋಸ್ಟಿನವ, "ಅಕ್ಕಾರ, ಮನ್ನೆ ಕೊಟ್ಟೀರಲ್ರಿ" ಅಂದ. "ಇನ್ನೊಮ್ಮೆ ತಿನ್ನಪಾ, ಸಕ್ರಿ ಏನು ಕಹಿ ಆಗತೈತೇನು" ಅಂದೆ. ನಲವತ್ತು ತುಂಬೂದರಾಗ ಆಯಿ ಆಗೀನಿ. ನೆಲದ ಮ್ಯಾಲ ಕಾಲು ನಿಲ್ಲವಲ್ವು.

ಇಂಥಾ ಸಂತೋಷದಾಗ ಸತ್ತವರ ಬಗ್ಗೆ ಬರಿಯಾಕ ಕುಂತೀನಿ. ಬಾಯಾರು ತೀರಿಕೊಂಡು ಆರು ದಿನ ಆತು. ಅವರು ಕಲಿಸ್ತಿದ್ದ ಬೆಳಗಾವಿ ಕಾಲೇಜಿನವರು ನೆನಪಿಗೆ ಒಂದು ಪುಸ್ತಕ ಮಾಡ್ತಾರಂತ. ಅಲ್ಲಿಯ ಮೇಡಮ್ಮೊಬ್ಬರು ಮನಿ ತನಕ ಬಂದು, "ನಿಮಗ ಗೊತ್ತಿದ್ದಷ್ಟು ಬರದು ಕೊಡ್ರಿ" ಅಂತ ಹಾಳಿ ಕೊಟ್ಟು ಹೋದರು. ಸಣ್ಣಾಕಿ ಇದ್ದಾಗ ನಾನು ಓದಿದ್ದು ಎರಡನೇ ಇಯತ್ತೆ, ಅದೂ ಮರತು ಹೋಗಿತ್ತು. ಈಗ ಬರಿಯೂ ಅಕ್ಷರ ಬಾಯಾರು ಕಲಿಸಿದವು. ತಪ್ಪಿದ್ದರ ತಿದ್ದಿಕೊಳ್ರಿ.

ಅವರ ಹೆಸರು ಬರಿಯೂದಿಲ್ಲ. "ನನ್ನ ಹೆಸರು ಎಲ್ಲೂ ಹಚ್ಚಬ್ಯಾಡ್ರಿ. ಗ್ವಾಡಿಗೂ ಹಚ್ಚಬ್ಯಾಡ್ರಿ, ಕೂಸಿಗೂ ಇಡಬ್ಯಾಡ್ರಿ" ಅಂತ ಅವರ ಬಾಯಿಲೆ ಕೇಳೀನಿ. ಕಲಿಸೂ ಹೆಣ್ಮಕ್ಕಳಿಗೆ ನಾವು ಬಾಯಾರು ಅಂತೀವಿ. ಅಷ್ಟ ಸಾಕು.

ಮೈಸೂರು ರಾಜ್ಯ ಅನ್ನೂದು ಹೋಗಿ ಕರ್ನಾಟಕ ಅನ್ನೂದು ಬಂದು ಒಂದೆರಡು ವರ್ಷ ಆಗಿತ್ತು. ಆಗ ನಾನು ಖಾನಾಪುರದಾಗ ಹಂಚಿನ ಭಟ್ಟಿಯೊಳಗ ಮಣ್ಣು ತುಳಿಯೂ ಕೆಲಸಕ್ಕಿದ್ದೆ. ನನ್ನ ಗಂಡ ಹಿಂಡಲಗಾ ಜೇಲಿನಾಗಿದ್ದ. ಹೊಲದ ಬದುವಿನ ಜಗಳದಾಗ ಸ್ವಂತ ಅಣ್ಣಗ ಕುಡಗೋಲಿಲೆ ಹೊಡದಿದ್ದ, ಅಣ್ಣ ಸತ್ತ, ಇವಗ ಜನ್ಮಠೇಪ ಆತು, ಜೀವ ಇರೂ ತನಕ ಜೇಲು. ಅವ ಜೇಲಿಗೆ ಹೋದಾಗ ಮಗಳು ಕಸ್ತೂರಿಗೆ ಎರಡು ವರ್ಷ. ನಮ್ಮ ಸ್ವಂತ ಊರಾಗ ಮುಖ ಎತ್ತಿ ತಿರಗ್ಯಾಡಾಕ ಆಗಲಿಲ್ಲ. ಕೂಸಿನ್ನ ಕಟ್ಟಿಕೊಂಡು ಗುರ್ತಿಲ್ಲದ ಖಾನಾಪುರಕ್ಕ ಬಂದು, ಗಂಡ ಗೋವಾದಾಗ ಅದಿರಿನ ಗಣ್ಯಾಗ ದುಡೀತಾನ ಅಂತ ಹೇಳಿ ಒಂದು ಖೋಲಿ ಹಿಡದೆ. ಖೋಲಿ ಮಾಲಕಗೂ ಅದನ್ನ ಹೇಳಿದೆ, ಭಟ್ಟಿಯವರಿಗೂ ಅದನ್ನ ಹೇಳಿದೆ. ಕಸ್ತೂರಿ ಮಾತು ಕಲಿತಾಗ ಆಕಿಗೂ ಅದನ್ನ ಹೇಳಿದೆ.

"ಅಪ್ಪ ಯಾವಾಗ ಬರ್ತಾನ?"

"ಅದಿರು ಮುಗದ ಮ್ಯಾಲ."

"ಅದಿರು ಎಷ್ಟೈತಿ?"

"ಗುಡ್ಡದಷ್ಟು ಐತಿ, ಮಲಕೋ."

ತಿಂಗಳಿಗೊಮ್ಮೆ ದವಾಖಾನಿಗೆ ಅಂತ ಹೇಳಿ ಬೆಳಗಾವಿ ಗಾಡಿ ಹತ್ತತಿದ್ದೆ. ಅಲ್ಲಿಂದ ಹಿಂಡಲಗಾಕ್ಕ ನಡಕೊಂಡು ಹೋಗಿ, ಜಾಳಿಗಿ ಆಚೆ ನಿಂತ ಗಂಡನ್ನ ನೋಡಿ ಬರ್ತಿದ್ದೆ. ಕಸ್ತೂರಿಗೆ ಗೊತ್ತಾಗಬಾರದು. ಆಕಿ ಸಾಲಿ ಕಲಿತು ದೊಡ್ಡಾಕಿ ಆಗೂ ತನಕ ಗೊತ್ತಾಗಬಾರದು. ನನ್ನ ಜೀವ ಅಷ್ಟರ ಮ್ಯಾಲ ನಿಂತಿತ್ತು.

ಬಾಯಾರು ಮದಲನೇ ಸಲ ಬಂದದ್ದು ಒಂದು ಶನಿವಾರ ಮಧ್ಯಾಹ್ನ. ಶನಿವಾರ ನಮಗ ಅರ್ಧ ದಿನ ಕೆಲಸ. ಹಸಿ ಹಂಚು ಒಣಗಿಸೂ ಚಪ್ಪರದಾಗ ರೊಟ್ಟಿ ಬಿಚ್ಚಿಕೊಂಡು ಕುಂತಿದ್ದಿವಿ. ಬಿಳಿ ಸೀರಿ, ಕೈಯಾಗ ಗಂಡಸರ ಛತ್ರಿ, ಚಷ್ಮಾದ ಒಂದು ಕಡ್ಡಿ ಮುರದು ಅಲ್ಲಿ ದಾರ ಕಟ್ಟಿತ್ತು. ಹಂಚು ತುಳೀಬಾರದಂತ ಕೊಕ್ಕರಿ ಹಾಂಗ ಕಾಲೆತ್ತಿ ಇಟ್ಟು ಬಂದರು. ನಮ್ಮ ಪೈಕಿ ಕುರಿಯವರ ಮಾಳವ್ವ ಬಾಯಿ ಬಡಕಿ. "ಯಾರವಾ ಇಕಿ? ತಲಿ ಎಣಸಾಕ ಬಂದಾಳೇನು?" ಅಂದಳು, ಕೇಳೂ ಹಾಂಗ.

"ಎಣಸೂದಿಲ್ಲವಾ, ಕಲಸಾಕ ಬಂದೀನಿ" ಅಂದರು.

ಆಮ್ಯಾಲ ನೆಲಕ್ಕ ಕುಂತು ತಿಳಿಸಿ ಹೇಳಿದರು. ಯುನಿವರ್ಸಿಟಿಯವರು ಕಲಿಸೂ ಮಂದಿಗೆ ಸಣ್ಣ ಸಣ್ಣ ಅನುದಾನ ಕೊಡ್ತಾರಂತ. ಸಾಲಿಯಿಂದ, ಊರಿಂದ, ಮಂದಿಯಿಂದ ಹೊರಗ ಉಳಿದವರನ್ನ ಒಳಗ ಕರಕೊಳ್ಳೂ ಕೆಲಸ ಮಾಡಿದರ ಅದಕ್ಕಂತ ಕೊಡ್ತಾರಂತ. ಇವರು ಅರ್ಜಿ ಹಾಕಿದ್ದರು, ಬಂದಿತ್ತು. "ಭಾಳ ಏನಿಲ್ಲ. ಹದಿನೆಂಟು ಪಾಟಿ, ಎರಡು ಚಾಪಿ, ನಾ ಬಂದು ಹೋಗೂ ಗಾಡಿ ತಿಕೀಟ. ಅಷ್ಟರಾಗ ಎಷ್ಟು ಮಂದಿ ಒಳಗ ಹಿಡಸ್ತಾರ ನೋಡೂಣು."

ಬಸ್ ಸ್ಟ್ಯಾಂಡಿನಾಗ ಚುರಮುರಿ ಮಾರೂ ತಾರಾ ಮರಾಠಿಯಾಕಿ. ನಮಗ ಚುರಮುರಿ ಕೊಡಾಕ ಬಂದು ಅಲ್ಲೇ ಕುಂತಿದ್ದಳು. ನನಗ ಕನ್ನಡ ಬರೂದಿಲ್ಲ ಅಂತ ಮರಾಠಿಯೊಳಗ ಅಂದಳು. ಬಾಯಾರು ಆಕಿಗೆ ತಿಳೀಲಿ ಅಂತ ಮರಾಠಿಯೊಳಗ, ನಾ ಪ್ರತಿ ಶನಿವಾರ ಬರ್ತೀನಿ ಅನ್ನಾಕ ಹೋಗಿ, ಗಂಡಸರು ಅನ್ನೂ ಹಾಂಗ "ಮೀ ಯೇತೋ" ಅಂದುಬಿಟ್ಟರು. ತಾರಾ ಬುಟ್ಟಿ ಇಟ್ಟು ಹೊಟ್ಟಿ ಹಿಡಕೊಂಡು ನಕ್ಕಳು. "ಅಗಬಾಯೀ! ಇವರು ಮೀಸಿ ಬೋಳಿಸಿ ಬಂದಾರ!" ಅಂದದ್ದನ್ನ ನಾವು ಕನ್ನಡ ಮಾಡಿ ಹೇಳಿದಿವಿ. ಬಾಯಾರಿಗೆ ಸಿಟ್ಟು ಬರಲಿಲ್ಲ. "ಚೂಕ ಆತು. ತಾರಾ, ನೀ ನನಗ ಮರಾಠಿ ಕಲಸು, ನಾ ನಿನಗ ಕನ್ನಡ ಕಲಸ್ತೀನಿ. ಯಾರು ಮದಲ ಪಾಸ್ ಆಗ್ತಾರ ನೋಡೂಣು" ಅಂದರು. ಅವರು ಎಂದೂ ಪಾಸ್ ಆಗಲಿಲ್ಲ. ತಾರಾ ಆರು ತಿಂಗಳದಾಗ ಬಸ್ಸಿನ ಬೋರ್ಡು ಓದಾಕತ್ತಳು.

ನಾವು ಹದಿನಾಕು ಮಂದಿ ಆದಿವಿ. ಚಪ್ಪರದ ಬಾಯಿಗೆ ನಿಂತು ಬಾಯಾರು ಒಂದು ಮಾತು ಹೇಳ್ತಿದ್ದರು: "ಇಲ್ಲೇ ಚಪ್ಪಲ್ ಬಿಡ್ರಿ. ಅದರ ಜೋಡಿ ಅಡ್ಡೆಸರೂ ಬಿಡ್ರಿ, ಓಣೀನೂ ಬಿಡ್ರಿ. ಹೋಗುಮುಂದ ಹಾಕ್ಕೊಂಡು ಹೋಗ್ರಿ." ಒಳಗ ಬಂದ ಮ್ಯಾಲ ಬರೇ ನಮ್ಮ ನಮ್ಮ ಹೆಸರು. ಯಾರ ಹೆಂಡತಿ, ಯಾರ ಪೈಕಿ, ಯಾರೂ ಕೇಳೂ ಹಾಂಗಿಲ್ಲ. ಮಾಳವ್ವ, "ನನ್ನ ಹತ್ತರ ಚಪ್ಪಲ್ಲೇ ಇಲ್ರಿ, ಏನ ಬಿಡ್ಲಿ?" ಅಂದರ, "ನಿನ್ನ ನಾಲಿಗಿ ಬಿಡು" ಅಂತಿದ್ದರು.

ಮದಲ ದಿನ ಕೇರಿಯ ಯಲ್ಲವ್ವ ಚಾಪಿ ಬಿಟ್ಟು ದೂರ ನೆಲಕ್ಕ ಕುಂತಳು. ಬಾಯಾರು ಆಕಿಗೆ ಚಾಪಿ ಮ್ಯಾಲ ಬಾ ಅನ್ನಲಿಲ್ಲ. ನಮಗೂ ಏನೂ ಅನ್ನಲಿಲ್ಲ. ತಾವೇ ಎದ್ದು ಹೋಗಿ ಆಕಿ ಬಾಜೂಕ ನೆಲಕ್ಕ ಕುಂತು ಕಲಸಾಕ ಸುರು ಮಾಡಿದರು. ಸ್ವಲ್ಪ ಹೊತ್ತಿಗೆ ಪಾಟಿ ಕಾಣವಲ್ದು ಅಂತ ನಾವು ಒಬ್ಬೊಬ್ಬರ ಎದ್ದು ಅಲ್ಲೇ ಹೋದಿವಿ. ಎರಡೂ ಚಾಪಿ ಖಾಲಿ ಬಿದ್ದಿದ್ದವು. ಮುಂದಿನ ವಾರ ಎಲ್ಲಾರೂ ಚಾಪಿ ಮ್ಯಾಲ ಇದ್ದಿವಿ, ಯಲ್ಲವ್ವನೂ ಇದ್ದಳು.

ಅವರು ಕೊರಳಾಗ ಲಿಂಗ ಕಟ್ಟಿಕೊಂಡ ವ್ಯಾಪಾರಸ್ಥರ ಮನಿತನದವರು. ಲಗ್ನ ಆಗಿರಲಿಲ್ಲ. ಸುಳ್ಳು ಅಂದ್ರ ಅವರಿಗೆ ಎಳ್ಳಷ್ಟೂ ನಡೀತಿರಲಿಲ್ಲ. ಒಮ್ಮೆ ಬೆಳಗಾವಿಯೊಳಗ ತಡ ಆಗಿ ತಿಕೀಟ ತಗೊಳ್ಳದ ಓಡಿ ಗಾಡಿ ಹತ್ತಿದ್ದರು. ಖಾನಾಪುರದಾಗ ಇಳದು ನೆಟ್ಟಗ ಕಿಡಕಿಗೆ ಹೋಗಿ, ಬೆಳಗಾವಿಯಿಂದ ಖಾನಾಪುರಕ್ಕ ಒಂದು ತಿಕೀಟ ಕೊಡ್ರಿ ಅಂದರು. ಬಾಬು ಚಷ್ಮಾ ತಗದು ನೋಡಿದ. "ಬಾಯಾರ, ಊಟ ಆದ ಮ್ಯಾಲ ಎಲಿ ಹಾಕಿ ಅಂದಂಗ ಆತಲ್ರಿ. ಹೋಗ್ರಿ ಸುಮ್ಮನ." ಇವರು ಹೋಗಲಿಲ್ಲ. ಅವ ತಿಕೀಟ ಹರದು ಕೊಡೂ ತನಕ ಅಲ್ಲೇ ನಿಂತರು. ನಾವು ಹದಿನಾಕು ಮಂದಿ ಇಲ್ಲಿ ಕಾಯಾಕತ್ತಿದ್ದಿವಿ.

ಇದನ್ನ ಯಾಕ ಬರದೆ ಅಂದ್ರ, ಮುಂದ ಆದದ್ದು ಈ ಗುಣದಿಂದನ ಆತು.

ಒಂದು ವರ್ಷ ಆತು. ಅನುದಾನ ಮುಂದುವರೀಬೇಕಂದ್ರ ಮತ್ತ ಅರ್ಜಿ ಬರೀಬೇಕು, ಅದರ ಜೋಡಿ ಪಟ್ಟಿ ಇಡಬೇಕು. ಪಟ್ಟಿಯೊಳಗ ಗೆರಿ ಹೊಡದ ನಾಕು ಮನಿ. ಹೆಸರು, ವಯಸ್ಸು, ಊರು. ನಾಕನೇದರ ನೆತ್ತಿ ಮ್ಯಾಲ "ಹೊರಗುಳಿಯಲು ಕಾರಣ" ಅಂತ ಅಚ್ಚಾಗಿತ್ತು. ನಾನೇ ಓದೀನಿ. ನಾ ಓದಿದ ದೊಡ್ಡ ಮಾತು ಅದ ಮದಲು.

ಅವರ ಚೀಲ ಹೊತ್ತು ಸ್ಟೇಶನ್ ತನಕ ಕಳಿಸಿ ಬರೂದು ನನ್ನ ಪಾಳಿ. ಒಬ್ಬೊಬ್ಬರನ್ನ ಬ್ಯಾರೆ ಕರದು ಕಾರಣ ಕೇಳಿ ಬರಕೊಂಡಿದ್ದರು, ನಾನೊಬ್ಬಾಕಿ ಉಳಿದಿದ್ದೆ. ಪ್ಲಾಟ್‌ಫಾರ್ಮಿನ ಕಲ್ಲಿನ ಮ್ಯಾಲ ಕುಂತು ಹಾಳಿ ತಗದರು.

"ಗಂಡ ಗೋವಾದಾಗ ಅಂತ ಬರೀಲೇನು?"

ಎಂಟು ವರ್ಷ ಯಾರಿಗೂ ಹೇಳಿರಲಿಲ್ಲ. ಅವರ ಮುಂದ ಸುಳ್ಳು ಬಾಯಿಗೆ ಬರಲಿಲ್ಲ. ಕುಡಗೋಲಿನಿಂದ ಹಿಡದು ಜಾಳಿಗಿ ತನಕ ಎಲ್ಲಾ ಹೇಳಿದೆ. ನಾ ನಿಂತಲ್ಲೆಲ್ಲಾ "ಮುಂದ?" ಅಂತಿದ್ದರು. ಅತ್ತರ ಸಮಾಧಾನ ಮಾಡೂದು ಅವರಿಗೆ ಬರತಿರಲಿಲ್ಲ, "ಮುಂದ?" ಅನ್ನೂದೊಂದ ಬರತಿತ್ತು. ಎಲ್ಲಾ ಮುಗದ ಮ್ಯಾಲ, "ಇದನ್ನ ಬರೀಲೇನು?" ಅಂದರು.

"ಬಡತನ ಅಂತ ಬರದರ ನಡಿಯೂದಿಲ್ಲೇನ್ರಿ?"

"ಸುಳ್ಳು ಬರದು ಪಾಟಿ ತಂದರ, ಅದರ ಮ್ಯಾಲ ಖರೇ ಅಕ್ಷರ ಮೂಡತಾವೇನವಾ?"

ಮಗಳಿಗೆ ಗೊತ್ತಾಗಬಾರದ್ರಿ, ಅಂದೆ. "ಇದು ಯುನಿವರ್ಸಿಟಿ ಕಪಾಟಿಗೆ ಹೋಗೂ ಹಾಳಿ. ಕಪಾಟಿಗೆ ಬಾಯಿ ಇರೂದಿಲ್ಲ" ಅಂದರು. ನಾನು ಹೂಂ ಅಂದೆ. ಬರದರು. ಅವರ ಅಕ್ಷರ ಮುತ್ತಿನಂಗ. ಗಾಡಿ ಬಂತು.

ಮಳಿಗಾಲ ಕಳದು ಚಳಿ ಬಿದ್ದ ಮ್ಯಾಲ ಯುನಿವರ್ಸಿಟಿಯ ಸಾಹೇಬರೊಬ್ಬರು ಕೆಲಸ ನೋಡಾಕ ಬರ್ತಾರ ಅಂತ ಆತು. ಪ್ಯಾಟಿ ಬಾಜೂಕ ಬಯಲಾಗ ಪೆಂಡಾಲ ಹಾಕಿದರು, ಗಿಡಕ್ಕ ಮೈಕಿನ ಕರ್ಣಿ ಕಟ್ಟಿದರು. ಊರಿಗೆ ಊರೇ ಕೂಡಿತ್ತು. ಕಲಿತ ಹೆಣ್ಮಕ್ಕಳಿಗೆ ಉಡಿ ತುಂಬೂಣು ಅಂತ ಬಾಯಾರದೇ ವಿಚಾರ. ಸೆರಗಿನಾಗ ಅಕ್ಕಿ, ಕಾಯಿ, ಕುಬಸದ ಖಣ ಹಾಕಿ ಮರ್ಯಾದಿ ಮಾಡೂದು. ಆದರ ಅದು ಮುತ್ತೈದೇರಿಗೆ ಮಾಡೂದು. ಮಾಳವ್ವ ಗಂಡ ಸತ್ತಾಕಿ. ಯಲ್ಲವ್ವನ ಸೆರಗು ಮುಟ್ಟಿ ತುಂಬೂರು ಯಾರು? ಬಾಯಾರು ಹಠ ಹಿಡದರು: ತುಂಬಿದರ ಹದಿನಾಕು ಮಂದಿಗೂ ತುಂಬಬೇಕು, ಊರ ಹಿರೇರ ಮನಿ ಹೆಣ್ಮಕ್ಕಳ ಕೈಲೆ ತುಂಬಸಬೇಕು. ಆ ದಿನ ಮುಂಜಾನಿಂದ ಮನಿ ಮನಿ ತಿರಗಿದರು. ಒಂದು ಮನ್ಯಾಗ ಬಾಗಲಾ ಹಾಕಿಕೊಂಡರು, ಒಂದು ಮನ್ಯಾಗ ಬೈದರು, ಮೂರು ಮನಿಯವರು ಕಡೀಕ ಒಪ್ಪಿದರು. ಅಲ್ಲಿ ಗೆದ್ದರು.

ಆ ಗಡಿಬಿಡಿಯೊಳಗ ಸಾಹೇಬರು ಕರಿಯಾಕ ಹೆಸರಿನ ಪಟ್ಟಿ ಕೇಳಿದರು. ಬಾಯಾರು ಚೀಲದಾಗ ಕೈ ಹಾಕಿ, ಅರ್ಜಿ ಜೋಡಿ ಕಳಿಸಿದ ಆ ನಾಕು ಮನಿ ಪಟ್ಟಿಯ ನಕಲನ್ನ ಕೊಟ್ಟುಬಿಟ್ಟರು. ಬರೇ ಹೆಸರು ಬ್ಯಾರೆ ಹಾಳಿಗೆ ಬರದು ಕೊಡೂದು ಐದು ನಿಮಿಷದ ಕೆಲಸ ಇತ್ತು.

ಸಾಹೇಬರು ಕೆಟ್ಟವರಲ್ಲ, ಅದನ್ನೂ ಬರೀಬೇಕು. ಇಂಥಿಂಥಾ ಕಷ್ಟದಾಗ ಕಲಿತಾರ ಅಂತ ಊರಿಗೆ ತಿಳೀಲಿ, ಊರು ಹೊಗಳಲಿ ಅಂತ ಅವರ ಮನಸಿನಾಗ. ನಾವು ಹದಿನಾಕು ಮಂದಿ ಸಾಲಾಗಿ ಸೆರಗು ಹಿಡಕೊಂಡು ನಿಂತಿದ್ದಿವಿ. ನಮ್ಮ ಹಿಂದ ಸಾಲಿ ಹುಡುಗ್ಯಾರು ಕೈ ಕೈ ಹಿಡಕೊಂಡು ನಿಂತಿದ್ದರು. ಸ್ವಾಗತದ ಪದ ಹಾಡಿದವರು ಅವರ, ಅದರಾಗ ಕಸ್ತೂರಿನೂ ಇದ್ದಳು. ಹತ್ತು ವರ್ಷದಾಕಿ. ಎರಡು ಜಡಿ ಹಾಕಿ ಅಬ್ಬಲಿ ಮುಡಿಸಿ ಕಳಿಸಿದ್ದೆ.

ಮದಲು ಮಾಳವ್ವನ ಹೆಸರು ಕರದು, ಗಂಡ ಸತ್ತಾಕಿ ಅಂದರು. ಮಂದಿ ಚಪ್ಪಾಳಿ ತಟ್ಟಿದರು. ಯಲ್ಲವ್ವನ ಜಾತಿ ಹೆಸರು ಕರ್ಣಿಯೊಳಗ ಊರ ತುಂಬ ಕೇಳಿಸಿತು. ನಾಕನೇ ಮನಿನೂ ಓದಾಕತ್ತಾರ ಅಂತ ಆವಾಗ ನನಗ ತಿಳೀತು. ಆದರ ಉಡಿಯೊಳಗ ಅಕ್ಕಿ ಬಿದ್ದಾವ, ಕೆಳಗ ಚೆಲ್ಲಿದರ ಅಪಶಕುನ, ಎರಡೂ ಕೈ ಸೆರಗಿನಾಗ. ಓಡಬೇಕಂದ್ರ ಹ್ಯಾಂಗ ಓಡ್ತಿ? ಮೂರನೇದು ತಾರಾ. ತಂದಿ ಸತ್ತಾನ ಅಂತ ಆಕಿ ಎಲ್ಲಾರಿಗೂ ಹೇಳಿದ್ದಳು. ಸತ್ತಿರಲಿಲ್ಲ. ಸಾಹೇಬರು ಓದಿದರು: "ತಂದೆ ಕುಷ್ಠರೋಗಿ, ಆಸ್ಪತ್ರೆಯಲ್ಲಿ." ಕಾಯಿ ಹಾಕಾಕ ಬಂದ ಹೆಣ್ಮಗಳು ಎರಡು ಹೆಜ್ಜಿ ಹಿಂದ ಸರದಳು. ಆ ಕಾಯಿ ಕೆಳಗ ಬಿತ್ತು.

ಬಾಯಾರು ಆ ತುದಿಯಾಗ ಯಾರಿಗೋ ಕುರ್ಚಿ ಹಾಕಿಸಾಕತ್ತಿದ್ದರು. ಅದನ್ನ ಕೇಳಿ ತಿರಗಿದರು. ಓಡಿ ಬಂದರು. ಮಂದಿ ದಾಟಿ, ಸೀರಿ ಎತ್ತಿ ಹಿಡಕೊಂಡು, "ಓದಬ್ಯಾಡ್ರಿ! ಓದಬ್ಯಾಡ್ರಿ!" ಅನಕೋತ ಬಂದು ಕರ್ಣಿಯ ವೈರ್ ಹಿಡದು ಜಗ್ಗಿದರು. ಕರ್ಣಿ ಬಂದ್ ಆತು. ಆದರ ಸಾಹೇಬರು ನೂರು ಹುಡುಗರಿಗೆ ಪಾಠ ಹೇಳಿದ ಧ್ವನಿಯವರು, ಕರೆಂಟ್ ಹೋತು ಅಂತ ತಿಳಕೊಂಡು ಇನ್ನೂ ಜೋರು ಮಾಡಿ ಓದಿದರು. ನನ್ನ ಹೆಸರು. ನನ್ನ ವಯಸ್ಸು. "ಪತಿ ಕೊಲೆ ಅಪರಾಧಕ್ಕಾಗಿ ಹಿಂಡಲಗಾ ಸೆರೆಮನೆಯಲ್ಲಿ, ಜೀವಾವಧಿ."

ಯಾರೂ ಚಪ್ಪಾಳಿ ತಟ್ಟಲಿಲ್ಲ. ನಾನು ಹಿಂದ ತಿರಗಿ ನೋಡಲಿಲ್ಲ.

ತಾರಾ ಮರುದಿನ ಬುಟ್ಟಿ ಹೊತ್ತು ಬಸ್ ಸ್ಟ್ಯಾಂಡಿಗೆ ಹೋದಳು. ಒಂದು ಮುಷ್ಟಿ ಚುರಮುರಿ ಯಾರೂ ತಗೊಳ್ಳಲಿಲ್ಲ. ನಾಕು ದಿನ ಹೋದಳು. ಐದನೇ ದಿನ ಖೋಲಿಗೆ ಕೀಲಿ ಇತ್ತು. ಎಲ್ಲಿ ಹೋದಳು ಅಂತ ಇವತ್ತಿನ ತನಕ ಗೊತ್ತಿಲ್ಲ. ಖೋಲಿ ಮಾಲಕ ನನಗ, "ನಮ್ಮ ಮನ್ಯಾಗ ಹೆಣ್ಣುಮಕ್ಕಳದಾರವಾ" ಅಂದ. ನನ್ನ ಮನ್ಯಾಗೂ ಇದ್ದಳಲ್ಲ ಒಬ್ಬಾಕಿ. ಯಲ್ಲವ್ವ ತನ್ನ ಕೇರ್ಯಾಗ ಜಾಗಾ ಕೊಟ್ಟಳು, ಅಲ್ಲಿ ಹೋಗಿ ಇದ್ದಿವಿ.

ಕಸ್ತೂರಿ ಸಾಲಿ ಬಿಟ್ಟಳು. ಹೊಡದೆ, ಬೈದೆ, ಕಾಲು ಹಿಡದೆ, ಹೋಗಲಿಲ್ಲ. ನನ್ನ ಜೋಡಿ ಮಾತು ಬಿಟ್ಟಳು. ಹದಿನೈದು ದಿನಕ್ಕ ಒಂದ ಮಾತು ಆಡಿದಳು: "ಯುನಿವರ್ಸಿಟಿಗೆ ಹೇಳಿದಿ. ನನಗ ಹೇಳಲಿಲ್ಲ." ಆಮ್ಯಾಲ ಮತ್ತ ಬಾಯಿ ಮುಚ್ಚಿದಳು. ನನ್ನ ಬಾಜೂಕ ಮಣ್ಣು ತುಳಿಯಾಕ ನಿಂತಳು. ಹತ್ತು ವರ್ಷದ ಕಾಲು, ಮಣಕಾಲು ತನಕ ಕೆಸರು.

ಅನುದಾನ ಬಂತು. ಹೋದ ಸಲಕ್ಕಿಂತ ಹೆಚ್ಚಿಗಿ ಬಂತಂತ, ಇಂಥಾ ಕೆಲಸ ಎಲ್ಲೂ ಆಗಿಲ್ಲ ಅಂತ ಹೊಗಳಿ ಪತ್ರಾನೂ ಬಂತಂತ. ಬಾಯಾರು ತಿರುಗಿ ಕಳಿಸಿದರು. ಕಲಿಯೂರು ಯಾರೂ ಉಳಿದಿಲ್ಲ, ಕಾರಣ ನಾನು, ಅಂತ ಬರದು ಕಳಿಸಿದರಂತ. ಬಂದದ್ದನ್ನ ಒದ್ದರು ಅಂತ ಕಾಲೇಜಿನಾಗ ಅವರಿಗೆ ಭಾಳ ತ್ರಾಸು ಆತು. ಅವರ ಹಿಂದ ಬಂದವರು ಮುಂದ ಹೋದರು. ಪುಸ್ತಕದಾಗ ಇದನ್ನ ಬ್ಯಾರೆ ಯಾರರೆ ಬರೀತಾರೋ ಇಲ್ಲೋ.

ಆದರೂ ಶನಿವಾರದ ಗಾಡಿಗೆ ಬರೂದು ಬಿಡಲಿಲ್ಲ. ಸ್ವಂತ ತಿಕೀಟ. ಚಪ್ಪರದಾಗ ಎರಡೂ ಚಾಪಿ ಹಾಸಿ, ಹದಿನೆಂಟು ಪಾಟಿ ಸಾಲಾಗಿ ಇಟ್ಟು, ಒಬ್ಬರೇ ಕುಂದರತಿದ್ದರು. ಸಂಜಿ ಗಾಡಿಗೆ ಎದ್ದು ಹೋಗತಿದ್ದರು. ಬಂದವರು ಮಾಳವ್ವ ಒಬ್ಬಾಕಿ, ಅದೂ ಮೂರನೇ ವಾರ. "ಏನ ಬಾಯಾರ, ಪಾಟಿಗೆ ಪಾಟಿ ಕಲಸಾಕತ್ತೀರೇನ?" ಅಂತ ಕುಂತು, ಎರಡು ಅಕ್ಷರ ತೀಡಿ, ಸುಮ್ಮನ ಎದ್ದು ಹೋದಳು. ಆಕಿ ನಾಲಿಗಿನೂ ಸೋತಿತ್ತು.

ನಾನೊಮ್ಮೆ ತಡಿಲಾರದ ಹೋಗಿ, "ಬರಬ್ಯಾಡ್ರಿ. ಹೂಂ ಅಂದಾಕಿ ನಾನ ಅಲ್ಲೇನ್ರಿ?" ಅಂದೆ.

"ಹೂಂ ಅನ್ನೂ ಹಾಂಗ ನಾ ಕೇಳಿದ್ದೆ" ಅಂದರು.

ಎಷ್ಟು ಶನಿವಾರ ಹೋದವು ನೆನಪಿಲ್ಲ. ಬ್ಯಾಸಿಗಿ ಬಂದಿತ್ತು. ಒಂದು ಮಧ್ಯಾಹ್ನ ಕಸ್ತೂರಿ ಕೆಸರಗಾಲಿಲೆ ನೆಟ್ಟಗ ಚಪ್ಪರಕ್ಕ ಹೋದಳು. ನಾನು ಹಂಚಿನ ಸಾಲಿನ ಹಿಂದ ನಿಂತು ಕೇಳಿದೆ.

"ನೀವು ಯಾಕ ಬರ್ತೀರಿ?"

"ನೀ ಬೈಯಾಕ ಬರ್ತೀಯೇನೋ ಅಂತ."

ಕಸ್ತೂರಿ ಬೈದಳು. ಭಟ್ಟಿಯೊಳಗ ಕಲಿತ ಬೈಗಳ ಎಲ್ಲಾ ಬೈದಳು. ಕನ್ನಡದಾಗ ತೀರಿದ ಮ್ಯಾಲ ಮರಾಠಿಯೊಳಗ ಬೈದಳು. ಬಾಯಾರು ಚಷ್ಮಾ ತಗದು ಮಡಚಿ ಕೈಯಾಗ ಹಿಡಕೊಂಡು ಕೇಳಿದರು. ಆಕಿ ಉಸರು ಕಟ್ಟಿ ನಿಂತಾಗ, "ಮುಂದ?" ಅಂದರು.

ಅಂದಿಂದ ಪ್ರತಿ ಶನಿವಾರ ಹೋದಳು. ಮದಮದಲು ಬೈಯಾಕ, ಆಮ್ಯಾಲ ಲೆಕ್ಕ ಕಲಿಯಾಕ. ಹದಿನೆಂಟು ಪಾಟಿ, ಕಲಿಯಾಕಿ ಒಬ್ಬಾಕಿ. ನನ್ನ ಜೋಡಿ ಮಾತಾಡಾಕ ಇನ್ನೊಂದು ಮಳಿಗಾಲ ತಗೊಂಡಳು. ಹೊರಗಿಂದ ಪರೀಕ್ಷಾ ಕಟ್ಟಿ ಮೆಟ್ರಿಕ್ ಪಾಸ್ ಆದದ್ದು, ಬೆಳಗಾವಿಗೆ ನರ್ಸ್ ಕಲಿಯಾಕ ಹೋದದ್ದು, ನಾನೂ ಹಿಂದ ಬಂದು ಇಲ್ಲೇ ನೆಲಿ ನಿಂತದ್ದು, ಎಲ್ಲಾ ಆ ಚಪ್ಪರದಿಂದ. ಆದರ ಅಪ್ಪನ ಮಾತು ತಗದರ ಎದ್ದು ಹೋಗತಿದ್ದಳು.

ಬಾಯಾರು ಆಕಿಗೆ ನಡಿ ಅಂತ ಎಂದೂ ಹೇಳಲಿಲ್ಲ. ನಾ ಹಿಂಡಲಗಾಕ್ಕ ಹೋಗೂ ದಿನ ತಾವೂ ಬಂದು ಜೇಲಿನ ಹೊರಗ ಗಿಡದ ಕೆಳಗ ನಿಂದರತಿದ್ದರು, ಅಷ್ಟ. ಒಳಗ ಬರತಿರಲಿಲ್ಲ. ಯಾಕ್ರಿ ಅಂದರ, "ನಾ ಒಳಗ ಬರೂ ಹಕ್ಕು ಕಳಕೊಂಡೀನಿ" ಅಂತಿದ್ದರು. ಕಸ್ತೂರಿಗೆ ಹದಿಮೂರು ತುಂಬಿದ ವರ್ಷ ಒಂದು ದಿನ ಆಕಿನೂ ಬಂದು ಆ ಗಿಡದ ಕೆಳಗ ನಿಂತಳು. ಮುಂದಿನ ತಿಂಗಳೂ ನಿಂತಳು. ಅದರ ಮುಂದಿನ ತಿಂಗಳು ನನ್ನ ಹಿಂದ ಒಳಗ ಬಂದಳು.

ಅವ ಜಾಳಿಗಿ ಹಿಡಕೊಂಡು ನೋಡಿದ. ಎರಡು ವರ್ಷದ ಕೂಸಿನ್ನ ಬಿಟ್ಟು ಹೋಗಿದ್ದನಲ್ಲ. "ಎಷ್ಟನೇ ಇಯತ್ತೆವಾ?" ಅಂದ.

"ಮನ್ಯಾಗ ಕಲೀತೀನಿ."

"ಛಲೋ ಕಲಿ."

ಇಷ್ಟ ಮಾತು. ಮತ್ತೊಮ್ಮೆ ನೋಡೂ ಯೋಗ ಬರಲಿಲ್ಲ. ಆ ಮಳಿಗಾಲದಾಗ ಕಾಮಾಲಿ ಆಗಿ ತೀರಿಕೊಂಡ. ಹೆಣ ತರೂ ದಿನ ಬಾಯಾರು ಛತ್ರಿ ಹಿಡದು ನಿಂತಿದ್ದರು. ಕಸ್ತೂರಿ ಅವರ ಛತ್ರಿ ಕೆಳಗ ಬರಲಿಲ್ಲ. ಮಳ್ಯಾಗ ತೊಯ್ಸಕೋತ ನಡದಳು.

ಮುಂದ ಲಗ್ನದ ಮಾತು ಬಂದಾಗ ಕಸ್ತೂರಿ ತಾನ ವರನ ಮುಂದ ಕುಂತು ಮದಲ ಅಪ್ಪನ ಕಥಿ ಹೇಳಿದಳು. ಇಬ್ಬರು ಎದ್ದು ಹೋದರು. ಮೂರನೇದವ ಪೂರ್ತಿ ಕೇಳಿ ಇನ್ನೊಂದು ಕಪ್ಪು ಚಾ ಕೇಳಿದ. ಅವನ ಈಗ ಅಳಿಯ.

ಹೋದ ತಿಂಗಳು ಬಾಯಾರನ್ನ ದೊಡ್ಡ ದವಾಖಾನಿಗೆ ತಂದರು. ಹೊಟ್ಟಿಯೊಳಗ ಗಡ್ಡಿ, ಕೊಯ್ಯೂ ಹಾಂಗಿರಲಿಲ್ಲ. ಕಸ್ತೂರಿ ಕೆಲಸ ಮಾಡೂದು ಅಲ್ಲೇ. ತುಂಬಿದ ಹೊಟ್ಟಿ ಹೊತ್ತು ದಿನಾ ಅವರ ಹಾಸಿಗಿ ಬದಲಿ ಮಾಡಿದಳು, ಬಾಯಿಗೆ ಗಂಜಿ ಹಾಕಿದಳು. ಹೆಚ್ಚಿಗಿ ಮಾತಿಲ್ಲ. ಆಮ್ಯಾಲ ಅಲ್ಲೇ ಮ್ಯಾಲಿನ ಮಾಳಿಗ್ಯಾಗ ಹಡದಳು. ಮೂರನೇ ದಿನ ಮಧ್ಯಾಹ್ನ ನಾ ಬ್ಯಾಡ ಬ್ಯಾಡ ಅಂದರೂ ಕೂಸಿನ್ನ ಎತ್ತಿಕೊಂಡು ಕೆಳಗ ಇಳದಳು.

ಬಾಯಾರ ಮುಖ ಅಂಗೈಯಷ್ಟು ಆಗಿತ್ತು. ಕೂಸಿನ್ನ ನೋಡಿದರು. ನಾನಂತೂ ಹಿಗ್ಗಿನಾಗ ತಡಿಲಾರದ, ಮೂಗು ನೋಡ್ರಿ, ಬೆರಳು ನೋಡ್ರಿ ಅಂತ ಒದರಾಕತ್ತಿದ್ದೆ. ಅವರು ಕಸ್ತೂರಿ ಕಡೆ ತಿರಗಿ, "ಒಂದು ಮಾತು ನಾ ಎಂದೂ ಕೇಳಲಿಲ್ಲ. ಆ ದಿನ ಅಲ್ಲೇ ಹಿಂದ ನಿಂತಿದ್ದಿ. ನಿನಗ ಏನಾತು?" ಅಂದರು.

ಕಸ್ತೂರಿ ಒಂದು ಕೈಲೆ ಅವರ ನಾಡಿ ಹಿಡದು ಗಡಿಯಾರ ನೋಡಾಕತ್ತಿದ್ದಳು. ಎಣಿಸೂದು ಮುಗಿಸಿ ಹೇಳಿದಳು. "ನನ್ನ ಕೈ ಹಿಡದು ನಿಂತ ಹುಡುಗಿ ಕೈ ಬಿಟ್ಟಳು. ಈ ಕಡೆಯಾಕಿ ಬಿಟ್ಟಳು, ಆಮ್ಯಾಲ ಆ ಕಡೆಯಾಕಿ. ಅಷ್ಟರಿ. ಎರಡೂ ಕೈ ಎಲ್ಲಿ ಇಟ್ಟುಕೋಬೇಕು ತಿಳೀಲಿಲ್ಲ."

ಬಾಯಾರು "ಬರೀಬಾರದಿತ್ತು" ಅಂದರು.

"ಬರೀಬಾರದಿತ್ತು" ಅಂದಳು ಕಸ್ತೂರಿ.

"ಕ್ಷಮಾ ಮಾಡೀಯೇನು?"

ಹೂಂ ಅನ್ನವಾ ಸಾಯೂರಿಗೆ, ಅಂತ ನಾ ಮನಸಿನಾಗ ಕೈ ಮುಗದೆ. ನನ್ನ ಮಗಳು ಅವರ ಕಡೆಯಿಂದ ಕಲಿತಾಕಿ. "ಇನ್ನೂ ಆಗಿಲ್ರಿ, ಬಾಯಾರ" ಅಂದಳು.

ಅವರು ಗೋಣು ಹಾಕಿದರು. ಹದಿನೆಂಟು ವರ್ಷದ ಹುಡುಗಿ ಹಾಂಗ ಮುಖ ಹಗುರ ಆತು. ಯಾರೋ ತಿಕೀಟ ಹರದು ಕೈಗೆ ಕೊಟ್ಟಂಗ ಅಂತ ನನಗ ಅನಿಸಿತು.

ಕಸ್ತೂರಿ ಬಗ್ಗಿ ಕೂಸಿನ್ನ ಅವರ ತೋಳಿನ ಮಡಿಕ್ಯಾಗ ಇಟ್ಟಳು. "ಇಕಿನ್ನ ಹಿಡೀರಿ. ನಾ ಊಟಾ ಮಾಡಿ ಬರ್ತೀನಿ." ಅವರ ಕೈಯಾಗ ಗಂಜಿ ಚಮಚ ನಿಲ್ಲತಿರಲಿಲ್ಲ. ನಾ ಅಲ್ಲೇ ಕುಂದರಾಕ ಹೋದೆ. "ಅವ್ವಾ, ನೀನೂ ನಡಿ" ಅಂದಳು. ನನ್ನ ರಟ್ಟಿ ಹಿಡದು ಹೊರಗ ಕರಕೊಂಡು ಬಂದಳು.

ನಾನೇನು ಉಂಡೆನೋ ಗೊತ್ತಿಲ್ಲ. ಆಕಿ ಎರಡು ರೊಟ್ಟಿ ಪೂರ್ತಿ ಉಂಡಳು, ಕೈ ತೊಳಕೊಂಡಳು, ತಡಾ ಮಾಡಿ ಎದ್ದಳು. ನಾವು ತಿರುಗಿ ಬಂದಾಗ ಕೂಸು ಮಲಗಿತ್ತು. ಬಾಯಾರು ಅಲಗಿರಲಿಲ್ಲ. ಬೆವರು ಕಣ್ಣಾಗ ಇಳದಿತ್ತು, ಒರಸಿಕೊಂಡಿರಲಿಲ್ಲ. ನಾ ಕೂಸಿನ್ನ ಎತ್ತಿಕೊಂಡೆ. ಎತ್ತಿಕೊಂಡ ಮ್ಯಾಲೂ ಆ ತೋಳು ಹಾಂಗ ಬಾಗೇ ಇತ್ತು, ಕಸ್ತೂರಿ ಮೆಲ್ಲಕ ತಿಕ್ಕಿ ತಿಕ್ಕಿ ಬಿಡಿಸಬೇಕಾತು.